ಮಲಗಿಸಿ ಬರೆದ ಮುಖ

ಕುಸುಮಾವತಿಯ ಮನೆಯಲ್ಲಿ ಈಸೆಲ್ ಇತ್ತು, ಆದರೆ ಅದರ ಮೇಲೆ ಒಣಗುತ್ತಿದ್ದದ್ದು ಟವೆಲ್ಲು. ಕ್ಯಾನ್ವಾಸನ್ನು ನೆಟ್ಟಗೆ ನಿಲ್ಲಿಸಿಕೊಂಡು ಚಿತ್ರ ಬರೆಯಲೆಂದು ಮಾಡಿದ ಆ ಮೂರು ಕಾಲಿನ ಮರದ ಸ್ಟ್ಯಾಂಡನ್ನು, ಅವಳು ಬ್ಯಾಂಕಿನಿಂದ ನಿವೃತ್ತಳಾದ ದಿನ ಗಂಡ ಪುಂಡಲೀಕ ತಾನಾಗಿ ಹುಡುಕಿ ತಂದುಕೊಟ್ಟಿದ್ದ. ಅವಳು ಅದನ್ನು ಒಮ್ಮೆ ಬಿಚ್ಚಿ, ಒಮ್ಮೆ ಮಡಚಿ, "ಒಳ್ಳೇದುಂಟು" ಎಂದು ಸರ್ಟಿಫಿಕೇಟು ಕೊಟ್ಟು ಬಾಲ್ಕನಿಗೆ ಸಾಗಿಸಿದಳು. ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನ ಹಿಂದಿನ ಆ ಫ್ಲ್ಯಾಟಿನಲ್ಲಿ ಬಟ್ಟೆ ಒಣಗಿಸಲು ಯಾವತ್ತೂ ಜಾಗ ಸಾಲುತ್ತಿರಲಿಲ್ಲ. ಮೂರು ಕಾಲು, ನಡುವೆ ಅಡ್ಡಪಟ್ಟಿ. ಟವೆಲ್ಲಿಗೆ ಹೇಳಿ ಮಾಡಿಸಿದ ಹಾಗಿತ್ತು.

ಚಿತ್ರಗಳನ್ನು ಅವಳು ಬರೆಯುತ್ತಿದ್ದದ್ದು ಊಟದ ಮೇಜಿನ ಮೇಲೆ. ಕಾಗದವನ್ನೋ ಕ್ಯಾನ್ವಾಸನ್ನೋ ಮಲಗಿಸಿ, ಅದರ ಬುಡಕ್ಕೆ ಕುರ್ಚಿ ಎಳೆದುಕೊಂಡು, ಬಗ್ಗಿ ಕೂತು ಬರೆಯುವುದು. ಉಡುಪಿಯ ಅಂಗಳದಲ್ಲಿ ರಂಗೋಲಿ ಹಾಕಿ ಬೆಳೆದ ಕೈ ಅದು, ಬಗ್ಗಿದರೇ ಓಡುವುದು. ಭಾನುವಾರದ ಚಿತ್ರದ ತರಗತಿಯ ಮೇಷ್ಟ್ರು ಮಿಹಿರ್‌ಬಾಬು ಬಂಗಾಳಿಗಳ ರೂಢಿಯಂತೆ ಅವಳನ್ನು ಅತ್ತಿಗೆ ಎಂದು ಕರೆದು, "ಬೌದಿ, ದೊಡ್ಡ ಚಿತ್ರಕ್ಕೆ ಕೈ ಹಾಕುವಾಗ ಮಾತ್ರ ಈಸೆಲ್ ಇಟ್ಟುಕೊಳ್ಳಿ, ನಿಂತುಕೊಂಡು ಬರೆಯಿರಿ" ಎಂದು ಒಂದೆರಡು ಸಲ ಹೇಳಿ ನೋಡಿದ್ದರು. "ದೊಡ್ಡ ರಂಗೋಲಿ ಹಾಕಬೇಕು ಅಂತ ಯಾರಾದರೂ ಅಂಗಳವನ್ನು ಎತ್ತಿ ನಿಲ್ಲಿಸುತ್ತಾರಾ ಮಿಹಿರ್‌ಬಾಬು?" ಎಂದು ಅವಳು ಕೇಳಿದ ಮೇಲೆ ಪಾಪ, ಅವರು ನಕ್ಕು ಆ ಮಾತು ಬಿಟ್ಟರು. ಬ್ಯಾಂಕಿನಲ್ಲಿ ಇದ್ದಷ್ಟು ಕಾಲ ಚೆಕ್ಕಿನ ಖೋಟಾ ಸಹಿಯನ್ನು ಕೌಂಟರಿನ ಆಚೆಯಿಂದಲೇ ಹಿಡಿದು ಹಾಕಿದವಳು ಕುಸುಮಾವತಿ. ತನ್ನ ಕಣ್ಣು ತಪ್ಪುವುದಿಲ್ಲ ಎಂಬುದು ಅವಳಿಗೆ ಜಂಬವಲ್ಲ, ಬರೀ ವಿಷಯ.

ಹಾಗಾಗಿ ಕನ್ನಡ ಸಂಘದ ಅಧ್ಯಕ್ಷ ಪ್ರಸನ್ನ ಬಂದು, ಸಂಘದ ಐವತ್ತನೆಯ ವರ್ಷಕ್ಕೆ ಸ್ಥಾಪಕ ಅನಂತರಾಯರ ಚಿತ್ರ ಬರೆದುಕೊಡಿ ಎಂದಾಗ ಅವಳು ಒಂದು ಕ್ಷಣವೂ ಹಿಂದೆ ಮುಂದೆ ನೋಡಲಿಲ್ಲ. ಪ್ರಸನ್ನ ರೈಲ್ವೆ ಅಧಿಕಾರಿ, ಮೈಸೂರಿನವನು, ಎಲ್ಲವೂ ಟೈಮಿಗೆ ಸರಿಯಾಗಿ ಆಗಬೇಕೆನ್ನುವ ಮನುಷ್ಯ.

"ಒಂದೇ ಒಂದು ಕಂಡೀಶನ್ನು ಮೇಡಂ" ಎಂದ. "ಗೌರಕ್ಕ ನೋಡಿ ಹೂಂ ಅಂದ್ರೆ ಮಾತ್ರ ಗೋಡೆಗೆ ಹಾಕೋದು ಅಂತ ಅವರಿಗೆ ಮಾತು ಕೊಟ್ಬಿಟ್ಟಿದೀನಿ."

ಗೌರಕ್ಕ ಅನಂತರಾಯರ ಹೆಂಡತಿ, ಧಾರವಾಡದವರು, ವಯಸ್ಸು ಎಂಬತ್ತು ದಾಟಿದೆ. ರಾಯರು ಹೋಗಿ ಕೆಲವು ವರ್ಷಗಳಾಗಿವೆ. ಬಂದರಿನ ಕಚೇರಿಯಲ್ಲಿ ಕೆಲಸಕ್ಕಿದ್ದ ಅವರು ಇದ್ದಷ್ಟು ದಿನವೂ ಸಂಜೆಯಾದರೆ ಸಂಘಕ್ಕೆ ಓಡುತ್ತಿದ್ದರು. ನಾಟಕದ ತಾಲೀಮು, ಯಾರದೋ ಮಗನ ನಾಮಕರಣ, ಯಾರಿಗೋ ಬಾಡಿಗೆ ಮನೆ, ಎಲ್ಲಕ್ಕೂ ರಾಯರೇ. ಕುಸುಮಾವತಿ ಮತ್ತು ಪುಂಡಲೀಕ ವರ್ಗವಾಗಿ ಹೌರಾ ಸ್ಟೇಷನ್ನಿನಲ್ಲಿ ಇಳಿದು ಕಣ್ಣು ಕಣ್ಣು ಬಿಡುತ್ತಿದ್ದಾಗ, ಗುರುತೂ ಇಲ್ಲದ ರಾಯರು ಬಂದು ಅವರ ಟ್ರಂಕನ್ನು ತಮ್ಮ ಹೆಗಲ ಮೇಲೆ ಇಟ್ಟುಕೊಂಡು ನಡೆದಿದ್ದರು. ಆ ಗುಂಡು ಮುಖ, ತಗ್ಗು ಹಣೆ, ಬೆವರು ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿತ್ತು.

ಕುಸುಮಾವತಿ ಖಿದಿರ್‌ಪುರದ ರಾಯರ ಮನೆಗೆ ಹೋಗಿ ವಿಷಯ ತಿಳಿಸಿದಾಗ ಗೌರಕ್ಕ ಖಡಾಖಂಡಿತವಾಗಿ ಹೇಳಿದರು: "ಅವ್ರು ಅವ್ರ ಹಂಗ ಕಂಡ್ರ ಹೂಂ ಅಂತೀನಿ. ಇಲ್ಲಂದ್ರ ಬ್ಯಾಡವಾ. ಇದ್ದಾಗೂ ಸಂಘಕ್ಕ ಕೊಟ್ಟಾತು. ಈಗ ಯಾರದೋ ಮುಖಾ ಮಾಡಿ ಅಲ್ಲೆ ನಿಲ್ಲಿಸಿದ್ರ ನಾ ಆ ಕಡೆ ಹಣಿಕಿ ಸುದ್ದಾ ಹಾಕೂದಿಲ್ಲ."

"ನೀವು ನೋಡಿ ಗೌರಕ್ಕ, ರಾಯರೇ ಬಂದು ಕೂತ ಹಾಗೆ ಮಾಡ್ತೇನೆ" ಎಂದಳು ಕುಸುಮಾವತಿ.

ಅವಳ ಚಿತ್ರಗಳು ಅಲ್ಲಿಯವರೆಗೆ ತೂಗಿದ್ದು ಅವಳ ಮನೆಯಲ್ಲಿ ಮತ್ತು ಇಲ್ಲ ಎನ್ನಲಾಗದ ಬಂಧುಗಳ ಮನೆಯಲ್ಲಿ. ಊರಿನ ಕನ್ನಡಿಗರೆಲ್ಲ ಸೇರುವ ಹಾಲಿನಲ್ಲಿ, ವೇದಿಕೆಯ ಪಕ್ಕದ ಗೋಡೆಯಲ್ಲಿ, ಮೂಲೆಯಲ್ಲಿ ತನ್ನ ಸಹಿ ಇರುವ ಒಂದು ಚಿತ್ರ! ಅವಳಿಗೆ ಅದು ಬೇಕಿತ್ತು. ಬೇಕು ಎಂದು ಗಂಡನ ಹತ್ತಿರ ಬಾಯಿಬಿಟ್ಟೇ ಹೇಳಿದಳು. ಅದಕ್ಕಿಂತ ಹೆಚ್ಚಾಗಿ, ಟ್ರಂಕು ಹೊತ್ತ ಮನುಷ್ಯನ ಋಣ ತನ್ನ ಕೈಯಿಂದಲೇ ಅಷ್ಟಾದರೂ ತೀರಲಿ ಎಂಬ ಆಸೆಯಿತ್ತು.

ಮೂರಡಿ ಎತ್ತರದ ಕ್ಯಾನ್ವಾಸು ಬಂದು ಊಟದ ಮೇಜನ್ನು ಪೂರ್ತಿ ಆಕ್ರಮಿಸಿತು. ರಾಯರು ಸಂಘದಲ್ಲಿ ಭಾಷಣ ಮಾಡುತ್ತಿದ್ದ ಫೋಟೋ ಒಂದನ್ನು ಪಕ್ಕದಲ್ಲಿಟ್ಟುಕೊಂಡು ಅವಳು ಕೆಲಸ ಶುರು ಮಾಡಿದಳು.

"ರಾಯರು ಮೇಜಿನ ಮೇಲೆ ಮಲಗಿದ್ದಾರೆ. ನಾನು ಎಲ್ಲಿ ಊಟ ಮಾಡುದು ಮಾರಾಯ್ತಿ?" ಎಂದ ಪುಂಡಲೀಕ.

"ತಟ್ಟೆ ಕೈಯಲ್ಲಿ ಹಿಡ್ಕೊಂಡು ಟೀವಿ ಎದುರು ಹೋಗಿ. ಇಲ್ಲಿ ಸಾರು ಚೆಲ್ಲಿದ್ರೆ ಅವರ ಅಂಗಿ ಮೇಲೆ ಬೀಳ್ತದೆ."

ಹೀಗೆ ಹಲವು ದಿನ ಪುಂಡಲೀಕನ ಊಟ ಟೀವಿಯ ಎದುರು ನಡೆಯಿತು. ಚಿತ್ರವೂ ಮುಗಿಯಿತು. ಕುರ್ಚಿಯಲ್ಲಿ ಕೂತು ನೋಡಿದರೆ ರಾಯರೇ. ಕಣ್ಣು, ಮೂಗು, ಕಿವಿಯ ಮೇಲಿನ ನರೆ, ಭಾಷಣದ ನಗು, ಎಲ್ಲ ಫೋಟೋಕ್ಕೆ ತಾಳೆಯಾಗುತ್ತಿತ್ತು. ಪುಂಡಲೀಕನೂ ಅದೇ ಕುರ್ಚಿಯಲ್ಲಿ ಕೂತು ನೋಡಿ ಭೇಷ್ ಎಂದ. ಅವಳು ಅದನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಟ್ಯಾಕ್ಸಿಯಲ್ಲಿಟ್ಟುಕೊಂಡು ಖಿದಿರ್‌ಪುರಕ್ಕೆ ಹೊರಟಳು.

ಗೌರಕ್ಕನ ಹಾಲಿನಲ್ಲಿ ಚಿತ್ರವನ್ನು ಗೋಡೆಗೆ ಒರಗಿಸಿ ಬೆಡ್‌ಶೀಟು ತೆಗೆದಾಗ, ಗೌರಕ್ಕ ಕನ್ನಡಕ ಒರೆಸಿ ಹಾಕಿಕೊಂಡು, ಬಗ್ಗಿ, ನಿಧಾನವಾಗಿ ನೋಡಿದರು. ಮುಖ ಅರಳಿತು.

"ಭಾಳ ಛಲೋ ತಗದೀ ಬಿಡು ಕುಸುಮಾ. ಥೇಟ್ ನಮ್ಮ ಶ್ಯಾಮ! ಖರೆ, ಅಂವನ ಚಿತ್ರ ಸಂಘದಾಗ ಯಾಕ ಹಾಕ್ತೀರಿ? ಅಂವಾ ಸಂಘಕ್ಕ ಬರ್ತಿದ್ದದ್ದ ಊಟಾ ಇದ್ದ ದಿನಾ ಅಷ್ಟ."

ಶ್ಯಾಮರಾಯ ಎಂದರೆ ರಾಯರ ತಮ್ಮ. ಕೆಲಸ ಹುಡುಕಲು ಕೋಲ್ಕತ್ತಕ್ಕೆಂದು ಬಂದು, ಅಣ್ಣನ ಮನೆಯಲ್ಲಿ ವರ್ಷಗಟ್ಟಲೆ ತಳವೂರಿ, ದಿನವೂ ಅತ್ತಿಗೆಯ ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಹೇಳಿ, ಕೊನೆಗೆ ಪುಣೆಗೆ ಹೋಗಿ ನೆಲೆಸಿದ ಮಹಾನುಭಾವ. ಉದ್ದ ಮುಖ, ಕ್ರಿಕೆಟ್ ಆಡಬಹುದಾದಷ್ಟು ದೊಡ್ಡ ಹಣೆ.

"ಗೌರಕ್ಕ, ಇದು ಶ್ಯಾಮರಾಯರಲ್ಲ! ನಮ್ಮ ರಾಯರು."

"ಇವ್ರೇನು?" ಗೌರಕ್ಕ ಮತ್ತೊಮ್ಮೆ ಬಗ್ಗಿದರು. "ಇವ್ರಿಗೆ ಇಷ್ಟು ಹಣಿ ಎಲ್ಲಿತ್ತವಾ?"

ಮುದುಕಿಗೆ ಕಣ್ಣು ಮಂಜಾಗಿದೆ ಎಂದು ಕುಸುಮಾವತಿ ಮನಸ್ಸಿನಲ್ಲೇ ತೀರ್ಮಾನ ಮಾಡಿದಳು. ಅಷ್ಟರಲ್ಲಿ ಗೌರಕ್ಕನ ಮಗ ರೋಹಿತ್, ಸೆಕ್ಟರ್ ಫೈವ್‌ನ ಆಫೀಸಿಗೆ ಹೊರಟವನು, ಬ್ಯಾಗು ಹೆಗಲಿಗೇರಿಸುತ್ತ ಒಳಗಿನಿಂದ ಬಂದ. ಕೋಲ್ಕತ್ತದಲ್ಲೇ ಹುಟ್ಟಿ ಬೆಳೆದ ಅವನ ಕನ್ನಡ ಅಷ್ಟಕ್ಕಷ್ಟೆ, ಆದರೆ ಕಣ್ಣು ಚೆನ್ನಾಗಿಯೇ ಇತ್ತು.

"ಅರೇ, ಕಾಕಾ! ನೈಸ್ ಪೇಂಟಿಂಗ್, ಆಂಟೀ" ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದ.

ಕುಸುಮಾವತಿ ಬಾಗಿಲ ತನಕ ಹಿಂದೆ ಹೋಗಿ ತಿರುಗಿ ನೋಡಿದಳು. ಗೋಡೆಗೆ ಒರಗಿ ಕೂತಿದ್ದವನು ಶ್ಯಾಮರಾಯನೇ. ಹಣೆ ಮೇಲಕ್ಕೆ ಜಗ್ಗಿತ್ತು, ಕೆನ್ನೆ ಇಳಿದಿತ್ತು. ಮನೆಯ ಮೇಜಿನ ಮೇಲೆ ಗುಂಡಗೆ ನಗುತ್ತಿದ್ದ ರಾಯರು ಎದ್ದು ನಿಂತ ತಕ್ಷಣ ತಮ್ಮನಾಗಿಬಿಟ್ಟಿದ್ದರು. ಕೆಟ್ಟದಾಗಿದೆ ಎಂದಿದ್ದರೆ ತಡೆದುಕೊಳ್ಳಬಹುದಿತ್ತು, ಬೇರೆಯವನು ಚೆನ್ನಾಗಿ ಬಂದಿದ್ದಾನೆ ಎಂದರೆ ಏನು ಮಾಡುವುದು?

ಗೌರಕ್ಕನಿಂದ ಸುದ್ದಿ ಪ್ರಸನ್ನನ ಕಿವಿಗೆ ಬೀಳುವುದು ತಡವಾಗಲಿಲ್ಲ. ಹಿಂತಿರುಗುವ ದಾರಿಯಲ್ಲೇ ಅವನ ಫೋನು.

"ಮೇಡಂ, ಬರೋ ಭಾನುವಾರ ಫಂಕ್ಷನ್ನು. ಫೋಟೋನೇ ದೊಡ್ಡದಾಗಿ ಕ್ಯಾನ್ವಾಸ್ ಮೇಲೆ ಪ್ರಿಂಟ್ ಹೊಡೆಸಿಬಿಡೋಣ. ಮೇಲೆ ನೀವು ಅಲ್ಲೊಂದು ಇಲ್ಲೊಂದು ಬ್ರಷ್ ಎಳೆದ್ರೆ ಸಾಕು. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗ್ತದೆ" ಎಂದಳು ಕುಸುಮಾವತಿ. "ಗುರುವಾರದ ತನಕ ಸುಮ್ಮನಿರಿ. ಅಷ್ಟರಲ್ಲಿ ಗೌರಕ್ಕ ಒಪ್ಪದಿದ್ದರೆ ನಿಮ್ಮ ಪ್ರಿಂಟು ಹಾಕಿ. ನನ್ನ ಬ್ರಷ್ ಅದರ ಹತ್ತಿರವೂ ಸುಳಿಯುದಿಲ್ಲ."

ಹೇಳಿದ್ದೇನೋ ಹೇಳಿದಳು, ತಪ್ಪು ಎಲ್ಲಾಯಿತು ಎಂಬುದು ಇನ್ನೂ ತಿಳಿದಿರಲಿಲ್ಲ. ಚಿತ್ರವನ್ನು ಗೌರಕ್ಕನ ಮನೆಯಲ್ಲೇ ಬಿಟ್ಟು ಬಂದವಳು ರಾಸ್‌ಬಿಹಾರಿ ರಸ್ತೆಯಲ್ಲಿ ಶೇರ್ ಆಟೋದ ಮುಂದಿನ ಸೀಟಿನಲ್ಲಿ ಡ್ರೈವರಿನ ಪಕ್ಕ ಕೂತು ಯೋಚಿಸುತ್ತಿದ್ದಳು. ಶಾಲೆಯೊಂದರ ಎದುರು ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ 'ಸ್ಲೋ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದದ್ದು ದೂರದಿಂದಲೇ ಕಂಡಿತು. ಅಚ್ಚುಕಟ್ಟಾದ ಅಕ್ಷರ, ಅಂಗಡಿಯ ಬೋರ್ಡಿನ ಹಾಗೆ. ಅಲ್ಲೇ ಇಳಿದು ರಸ್ತೆ ದಾಟುವಾಗ ಕಾಲಕೆಳಗೆ ನೋಡಿದಳು. ಆ ಅಕ್ಷರಗಳು ಅಚ್ಚುಕಟ್ಟೂ ಅಲ್ಲ, ಏನೂ ಅಲ್ಲ. ಒಂದೊಂದೂ ಮನುಷ್ಯ ಕೈಕಾಲು ಚಾಚಿ ಮಲಗಿದಷ್ಟು ಉದ್ದ! ಓರೆಯಾಗಿ ನೋಡುವ ಡ್ರೈವರಿನ ಕಣ್ಣಿಗೆ ಸರಿಯಾಗಿ ಕಾಣಲೆಂದು ಬೇಕೆಂದೇ ಎಳೆದು ಬರೆದದ್ದು.

ಕುಸುಮಾವತಿ ನಡುರಸ್ತೆಯಲ್ಲಿ ನಿಂತುಬಿಟ್ಟಳು. ಮೇಜಿನ ಬುಡದಲ್ಲಿ ಕೂತು ಅವಳು ನೋಡಿದ್ದೂ ಓರೆಯಾಗಿಯೇ. ಗಲ್ಲ ಹತ್ತಿರ, ಹಣೆ ಮೇಜಿನ ಆ ತುದಿಯಲ್ಲಿ. ದೂರದ ಹಣೆ ಗಿಡ್ಡವಾಗಿ ಕಂಡಷ್ಟೂ ಕೈ ಅದನ್ನು ಎಳೆದೆಳೆದು ಸರಿಮಾಡಿತ್ತು. ಕಣ್ಣು ತಪ್ಪಿರಲಿಲ್ಲ, ಕಣ್ಣನ್ನು ಕೂರಿಸಿದ ಜಾಗ ತಪ್ಪಿತ್ತು. ಹೂವು, ಮೀನು, ಚಿಕ್ಕಪುಟ್ಟ ಚಿತ್ರಗಳಲ್ಲಿ ಇದು ಗೊತ್ತಾಗಿರಲಿಲ್ಲ. ಮೀನು ಒಂದು ಬೆರಳು ಉದ್ದವಾದರೆ ಯಾರು ದೂರು ಕೊಡುತ್ತಾರೆ? ಹಿಂದಿನಿಂದ ಹಾರ್ನುಗಳು ಒಂದೇ ಸಮನೆ ಕೂಗುತ್ತಿದ್ದವು, ಅವಳು ಅಲ್ಲೇ ಗಟ್ಟಿಯಾಗಿ ನಕ್ಕಳು.

ಮನೆಗೆ ಬಂದವಳೇ ಬಾಲ್ಕನಿಗೆ ಹೋಗಿ ಈಸೆಲ್ ಮೇಲಿನ ಟವೆಲ್ಲುಗಳನ್ನು ಕಿತ್ತು ತೆಗೆದಳು.

"ಅದನ್ನೆಲ್ಲ ಇನ್ನು ಎಲ್ಲಿ ಹಾಕುದು?" ಎಂದು ಕೇಳಿದ ಪುಂಡಲೀಕ.

"ನಿಮ್ಮ ಹೆಗಲ ಮೇಲೆ. ಮೇಜು ವಾಪಸ್ ಸಿಕ್ಕಿತಲ್ಲ, ಹೋಗಿ ಊಟ ಮಾಡಿ."

ಮೊದಲ ದಿನ ಈಸೆಲ್ ಅವಳನ್ನು ಚೆನ್ನಾಗಿಯೇ ಗೋಳುಹೊಯ್ದುಕೊಂಡಿತು. ಮೇಜಿನ ಮೇಲೆ ಮಣಿಕಟ್ಟು ಊರಿ ಬರೆದ ಕೈಗೆ ಇಲ್ಲಿ ಊರಲು ಜಾಗವಿಲ್ಲ. ಗೆರೆ ಬೆರಳಿನಿಂದಲ್ಲ, ಹೆಗಲಿನಿಂದ ಬರಬೇಕು. ತೆಳ್ಳಗೆ ಕಲಸಿದ ಬಣ್ಣ ಕೆಳಗಿಳಿದು ಸೀರೆಯ ನೆರಿಗೆಗೆ ಬಿತ್ತು. ಅವಳೇನೂ ಎದೆಗುಂದಲಿಲ್ಲ, ಹೊಸ ಬ್ರ್ಯಾಂಚಿಗೆ ವರ್ಗವಾದಾಗ ಮೊದಲ ದಿನ ಪೆನ್ನು ಎಲ್ಲಿದೆ ಎಂಬುದೂ ತಿಳಿಯುವುದಿಲ್ಲ. ಸಂಜೆಯ ಹೊತ್ತಿಗೆ ಬಣ್ಣ ಗಟ್ಟಿಯಾಗಿ ಕಲಸುವುದು, ಉದ್ದ ಹಿಡಿಯ ಬ್ರಷ್ಷನ್ನು ತುದಿಯಲ್ಲಿ ಹಿಡಿಯುವುದು, ಬರೆದು ಹಿಂದೆ ಸರಿದು ನೋಡಿ ಮತ್ತೆ ಮುಂದೆ ಬರುವುದು ಕೈಗೂ ಕಾಲಿಗೂ ಹತ್ತಿತು. ನೋಡಲು ಎಷ್ಟು ನಡೆಯಬೇಕು ಎಂದು ಅವಳಿಗೆ ಆಶ್ಚರ್ಯವಾಯಿತು. ಮೇಜಿನಲ್ಲಿ ಕೂತಾಗ ಅವಳು ಚಿತ್ರವನ್ನು ಬರೀ ಬರೆದಿದ್ದಳು, ನೋಡಿರಲೇ ಇಲ್ಲ.

ಇನ್ನೊಂದು ವಿಷಯವನ್ನೂ ಅವಳು ಅಂದೇ ನಿರ್ಧರಿಸಿದಳು. ರಾಯರ ಹೊಸ ಚಿತ್ರವನ್ನು ಮನೆಯಲ್ಲಿ ಬರೆಯುವುದಿಲ್ಲ, ಗೌರಕ್ಕನ ಮನೆಯಲ್ಲೇ ಬರೆಯುವುದು. ಒಪ್ಪಬೇಕಾದವರು ಎದುರಿಗೇ ಇರಲಿ.

ಮರುದಿನ ಬೆಳಿಗ್ಗೆ, ಮಡಚಿದ ಈಸೆಲ್ಲನ್ನು ಕಂಕುಳಲ್ಲಿ, ಹೊಸ ಕ್ಯಾನ್ವಾಸನ್ನು ಕೈಯಲ್ಲಿ ಹಿಡಿದು ಅವಳು ಬಸ್ಸು ಹತ್ತಿದಳು. "ಆಸ್ತೇ, ಲೇಡೀಸ್!" ಎಂದು ಕಂಡಕ್ಟರು ಬಸ್ಸಿನ ಮೈಗೆ ಪಟಪಟ ಬಡಿದು ಡ್ರೈವರಿಗೆ ನಿಧಾನಿಸಲು ಹೇಳಿದ. ಆ ಕೋಲುಗಳನ್ನು ನೋಡಿ ಪಕ್ಕದ ಹೆಂಗಸು, ನೀವು ಟೀವಿ ಚಾನೆಲ್ಲಿನವರಾ ಎಂದು ಹಿಂದಿಯಲ್ಲಿ ಕೇಳಿದಳು. ಹೌದು, ಭಾನುವಾರ ಬರುತ್ತದೆ ನೋಡಿ ಎಂದು ಕುಸುಮಾವತಿ ಗಂಭೀರವಾಗಿ ಉತ್ತರ ಕೊಟ್ಟಳು.

ಗೌರಕ್ಕನ ಹಾಲಿನ ಮೊಸಾಯಿಕ್ ನೆಲದಲ್ಲಿ ಈಸೆಲ್ ಕಾಲು ಜಾರದಂತೆ ಕೆಳಗೆ ಒದ್ದೆ ಬಟ್ಟೆ ಇಟ್ಟಳು. ಕಿಟಕಿಯ ಬೆಳಕು ಹಸಿ ಬಣ್ಣದ ಮೇಲೆ ಬಿದ್ದು ಕಣ್ಣಿಗೆ ಹೊಡೆಯದಂತೆ ಕ್ಯಾನ್ವಾಸನ್ನು ತುಸು ಮುಂದಕ್ಕೆ ಬಾಗಿಸಿದಳು. ಫೋಟೋವನ್ನು ಅದೇ ಎತ್ತರಕ್ಕೆ ಪಕ್ಕದಲ್ಲಿ ಸಿಕ್ಕಿಸಿದಳು. ಗೌರಕ್ಕ ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತು, ಸೊಪ್ಪು ಬಿಡಿಸುತ್ತ, ಪ್ರತಿಯೊಂದು ಗೆರೆಗೂ ಟೀಕೆ ಕೊಡುತ್ತ ಹೋದರು. "ಕಿವಿ ಸಣ್ಣದಾತು." "ಗಲ್ಲ ಇನ್ನೊಂಚೂರು ಗುಂಡಗ." ಈ ಸಲ ಹಣೆ ಹಣೆಯಿರಬೇಕಾದ ಜಾಗದಲ್ಲೇ ನಿಂತಿತು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಯಾರು ನೋಡಿದರೂ ಅನಂತರಾಯರು ಎನ್ನುವಂಥ ಮುಖ ಕ್ಯಾನ್ವಾಸಿನ ಮೇಲೆ ಮೂಡಿತ್ತು.

ಆದರೂ ಗೌರಕ್ಕ ಹೂಂ ಅನ್ನಲಿಲ್ಲ.

"ಎಲ್ಲಿ ತಪ್ಪಿತು ಹೇಳಿ, ಗೌರಕ್ಕ" ಎಂದಳು ಕುಸುಮಾವತಿ, ಬ್ರಷ್ ಹಿಡಿದುಕೊಂಡೇ.

"ತಪ್ಪೇನಿಲ್ಲವಾ. ಮೂಗು ಅವ್ರದ, ಗಲ್ಲ ಅವ್ರದ. ಖರೆ, ಈ ನಗಿ ಸಂಘದ ನಗಿ. ಮಂದಿ ಮುಂದ ನಗೂ ನಗಿ. ಮನ್ಯಾಗ ಈ ನಗಿ ನಾ ನೋಡೇ ಇಲ್ಲ. ನನಗ ಇವ್ರು ಹಿಂಗ ಗೊತ್ತಿಲ್ಲ."

"ಮತ್ತೆ ಮನೆಯಲ್ಲಿ ಹೇಗಿರ್ತಿದ್ರು?"

ಗೌರಕ್ಕ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕಿಟ್ಟರು. "ಸಂಘದಿಂದ ತಡಾ ಮಾಡಿ ಬಂದು ಬಾಗಲದಾಗ ನಿಂದ್ರತಿದ್ರು ನೋಡು. ಏನರ ಒಂದು ಸುಳ್ಳು ಹೇಳಬೇಕು, ಆದ್ರ ಏನ ಹೇಳಬೇಕು ಅಂತ ತಿಳೀತಿದ್ದಿಲ್ಲ. ಆ ಮುಖಾ ಗೊತ್ತದ ನನಗ. ನಾಲ್ವತ್ತು ವರ್ಷ ಅದನ್ನ ನೋಡೇನಿ."

ಆ ಮುಖದ ಫೋಟೋ ಎಲ್ಲಿಯೂ ಇರಲು ಸಾಧ್ಯವಿರಲಿಲ್ಲ. ತಡವಾಗಿ ಮನೆಗೆ ಬಂದ ಗಂಡನ ಫೋಟೋ ಯಾರು ತೆಗೆಯುತ್ತಾರೆ? ಕುಸುಮಾವತಿ ಒಂದು ನಿಮಿಷ ಕ್ಯಾನ್ವಾಸನ್ನೂ ಗೌರಕ್ಕನನ್ನೂ ನೋಡಿದಳು.

"ನೀವು ಮಾಡಿ ತೋರಿಸಿ" ಎಂದಳು.

"ಏನ ಮಾಡಿ ತೋರಿಸ್ಲಿ?"

"ಆ ಮುಖ. ರಾಯರು ಬಾಗಿಲಲ್ಲಿ ನಿಂತದ್ದು ಮಾಡಿ ತೋರಿಸಿ."

"ಹುಚ್ಚೀ!" ಎಂದು ನಕ್ಕುಬಿಟ್ಟರು ಗೌರಕ್ಕ. ನಗು ನಿಂತ ಮೇಲೆ, ಹುಡುಗಿಯ ಹಾಗೆ ಒಮ್ಮೆ ಬಾಗಿಲ ಕಡೆ ನೋಡಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಎಡಗಡೆಯ ಹುಬ್ಬು ಮೇಲೇರಿತು. ತುಟಿ ಒಂದು ಬದಿಗೆ ಸರಿದು, ಏನೋ ಹೇಳಲು ಹೊರಟು, ಬೇಡವೆಂದು ಅರ್ಧದಲ್ಲೇ ನಿಂತಿತು. ಕಣ್ಣಿನಲ್ಲಿ ಅಪರಾಧ, ಅದರ ಹಿಂದೆಯೇ ಇವಳು ಬೈದರೂ ಬಿಡುವುದಿಲ್ಲ ಎಂಬ ಪೂರ್ತಿ ಭರವಸೆ. ಎಂಬತ್ತು ದಾಟಿದ ಹೆಂಗಸಿನ ಸುಕ್ಕು ಮುಖದಲ್ಲಿ ಒಬ್ಬ ಗಂಡಸು ಬಂದು ನಿಂತಿದ್ದ.

"ಹಾಗೇ ಇರಿ!" ಎಂದು ಕೂಗಿದಳು ಕುಸುಮಾವತಿ.

ಈಸೆಲ್ಲನ್ನು ಎಳೆದು ಗೌರಕ್ಕನ ಕುರ್ಚಿಯ ಪಕ್ಕಕ್ಕೇ ನಿಲ್ಲಿಸಿದಳು. ಹಿಂದಿನ ತಿರುಪು ಸಡಿಲಿಸಿ ಕ್ಯಾನ್ವಾಸನ್ನು ಇಳಿಸಿ, ರಾಯರ ಕಣ್ಣು ಗೌರಕ್ಕನ ಕಣ್ಣಿನ ಮಟ್ಟಕ್ಕೆ ಬರುವಂತೆ ಬಿಗಿದಳು. ಎದುರು ಗೋಡೆಯ ತನಕ ಹಿಂದೆ ಸರಿದು ನಿಂತರೆ ಗಂಡ ಹೆಂಡತಿ ಇಬ್ಬರೂ ಒಂದೇ ನೋಟಕ್ಕೆ ಸಿಕ್ಕಿದರು. ತಲೆ ಬಗ್ಗಿಸುವ ಹಾಗಿಲ್ಲ, ಹೊರಳಿಸುವ ಹಾಗಿಲ್ಲ, ಕಣ್ಣು ತುಸು ಸರಿದರೆ ಇವರು, ತುಸು ಸರಿದರೆ ಅವರು. ಈಸೆಲ್ ಇರುವುದೇ ಇದಕ್ಕೆ ಎಂದು ಅವಳಿಗೆ ಆಗ ಅರ್ಥವಾಯಿತು. ಮೇಜಿನ ಮೇಲೆ ಮಲಗಿಸಿದವರನ್ನು ಹೀಗೆ ಯಾರ ಪಕ್ಕದಲ್ಲೂ ಕೂರಿಸಲು ಬರುವುದಿಲ್ಲ.

ಗೌರಕ್ಕನಿಗೆ ಪಕ್ಕದಲ್ಲಿದ್ದ ಚಿತ್ರ ಕಾಣುತ್ತಿರಲಿಲ್ಲ. ಹಣಿಕಿ ನೋಡಲು ಹೋದರೆ ಕುಸುಮಾವತಿ ಬ್ರಷ್ ಎತ್ತಿ ಗದರಿಸುತ್ತಿದ್ದಳು. ಕುತ್ತಿಗೆ ನೋಯುತ್ತದೆ ಎಂದು ಅವರು ಗೊಣಗಿದರು, ಚಹಾ ಕೇಳಿದರು, ಹುಬ್ಬು ಇಳಿಯಿತೆಂದರೆ ತಾವಾಗಿಯೇ ಮತ್ತೆ ಏರಿಸಿದರು. ಕುಸುಮಾವತಿ ನಡೆದಳು, ನೋಡಿದಳು, ಬರೆದಳು. ಭಾಷಣದ ನಗುವನ್ನು ಬಟ್ಟೆಯಿಂದ ಒರೆಸಿ ತೆಗೆದಾಗ ಅವಳಿಗೆ ಸ್ವಲ್ಪವೂ ಭಯವಾಗಲಿಲ್ಲ. ಆ ದಿನ ಮುಗಿಯಲಿಲ್ಲ. ಮಾರನೆಯ ದಿನ, ಗುರುವಾರ, ಊಟದ ಹೊತ್ತು ಮೀರಿದ ಮೇಲೆ ಎಡ ಹುಬ್ಬಿಗೆ ಒಂದು ಕೊನೆಯ ಗೆರೆ ಎಳೆದು ಅವಳು ಬ್ರಷ್ ಕೆಳಗಿಟ್ಟಳು.

"ಮುಗೀತೇನವಾ?"

"ಮುಗೀತು. ಕದಲಬೇಡಿ."

ಅವಳು ಈಸೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಎತ್ತಿ, ತಂದು ಗೌರಕ್ಕನ ಎದುರಿಗೆ ತಿರುಗಿಸಿ ನಿಲ್ಲಿಸಿದಳು. ಕೂತವರ ಕಣ್ಣಿಗೂ ಚಿತ್ರದ ಕಣ್ಣಿಗೂ ಸಮ ಎತ್ತರ. ಗೌರಕ್ಕ ಕನ್ನಡಕ ಒರೆಸಲಿಲ್ಲ, ಬಗ್ಗಲಿಲ್ಲ. ತುಸು ಹೊತ್ತು ಹಾಗೇ ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಈಗ ಬಂದ್ರೇನು?" ಎಂದರು, ನಿಜವಾದ ಸಿಟ್ಟಿನಲ್ಲಿ. "ಅನ್ನ ಆರಿ ಕಲ್ಲಾಗೇದ. ಹಂಗ ಏನ ನಿಂತ್ರಿ, ಹೋಗ್ರಿ, ಕೈಕಾಲು ತೊಕ್ಕೊಂಡು ಬರ್ರಿ."

ಹೇಳಿಯಾದ ಮೇಲೆ ಗೌರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕುಸುಮಾವತಿ ಕಿಟಕಿಯ ಕಡೆ ತಿರುಗಿ ಬ್ರಷ್ಷುಗಳನ್ನು ಒಂದೊಂದಾಗಿ ಒರೆಸತೊಡಗಿದ್ದಳು. ಅವಳಿಗೂ ಅಳು ಬಂದಿತ್ತು, ಬರಲಿ ಎಂದು ಬಿಟ್ಟಳು.

ಅಷ್ಟರಲ್ಲಿ ಟೈಮಿಗೆ ಸರಿಯಾಗಿ ಪ್ರಸನ್ನನ ಫೋನು ಬಂತು.

"ಮೇಡಂ, ಗುರುವಾರ ಆಯ್ತು. ಗೌರಕ್ಕ ಹೂಂ ಅಂದ್ರಾ?"

"ಹೂಂ ಅನ್ನಲಿಲ್ಲ. ಬೈದರು."

"ಅಯ್ಯೋ, ಬೈದ್ರಾ! ಹಾಗಾದ್ರೆ ಪ್ರಿಂಟಿಗೆ..."

"ಪ್ರಿಂಟೂ ಇಲ್ಲ ಗಿಂಟೂ ಇಲ್ಲ. ನನಗಲ್ಲ ಬೈದದ್ದು, ರಾಯರಿಗೆ. ಗೋಡೆಗೆ ಗಟ್ಟಿ ಮೊಳೆ ಹೊಡೆಸಿ."

ಪ್ರಸನ್ನನಿಗೆ ಎಷ್ಟು ಅರ್ಥವಾಯಿತೋ, ಅಂತೂ ಸಮಾಧಾನವಾಯಿತು. ಈಗಲೇ ಗಾಡಿ ಕಳಿಸುತ್ತೇನೆ, ಸಂಜೆಗೆ ಹಾಲಿನಲ್ಲಿ ಇಟ್ಟುಬಿಡೋಣ ಎಂದ. ಅವನ ದೊಡ್ಡ ದನಿ ಫೋನಿನ ಹೊರಗೂ ಕೇಳುತ್ತಿತ್ತು. ಗೌರಕ್ಕ ಕುರ್ಚಿಯಿಂದಲೇ ಕೈ ಎತ್ತಿದರು.

"ಇವತ್ತ ಬ್ಯಾಡ ಅಂತ ಹೇಳು ಅಂವಗ. ಭಾನುವಾರ ಮುಂಜಾನೆ ಬಂದು ಒಯ್ಯಲಿ." ಅವರ ಕಣ್ಣು ಚಿತ್ರದ ಮೇಲೆಯೇ ಇತ್ತು. "ಅಲ್ಲೀತನಾ ಇವ್ರು ಸಂಜಿ ಮುಂದ ಮನ್ಯಾಗ ಕೂಡ್ಲಿ. ಸಂಘ ಎಲ್ಲೂ ಓಡಿ ಹೋಗೂದಿಲ್ಲ."